ಹೊಸ ಬಣ್ಣ ಉಸಿರಾಡಲಿ ಎಂದು ಪಟ್ಟು ಹಿಡಿದ ಫಳಫಳಕ್ಕ

ಬೆಳಗಿನ ಐದೂಮುಕ್ಕಾಲು. ಶೆಡ್ಡಿನ ತಗಡಿಗೆ ಇನ್ನೂ ಬಿಸಿಲು ತಾಗಿಲ್ಲ. ಹಸಿರು ಪಿಕಪ್ ಗಾಡಿಯೊಂದರ ಬಾಗಿಲಿಗೆ ಮೂಗು ಮುಟ್ಟುವಷ್ಟು ಹತ್ತಿರ ಬಾಗಿ, ಐವತ್ತನಾಲ್ಕರ ಹೆಂಗಸೊಬ್ಬರು ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುತ್ತಿದ್ದಾರೆ. ಆಮೇಲೆ ಬಾನೆಟ್ಟಿನ ಹತ್ತಿರ ಹೋಗುತ್ತಾರೆ, ಅಲ್ಲೂ ಮೂಸುತ್ತಾರೆ. ಗಾಡಿಯ ಒಡೆಯ, ಮನೆ ಸಾಮಾನು ಸಾಗಿಸುವ ಗಟ್ಟಿಮುಟ್ಟಾದ ಆಳು, ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ ಕೈಕಟ್ಟಿ ನಿಂತಿದ್ದಾರೆ.

“ಏನಕ್ಕಾ, ಪಾಸಾ?”

“ತಡಿಯಣ್ಣ, ಹಿಂದಿನ ಡೋರು ಬಾಕಿ ಇದೆ.”

ಹಿಂದಿನ ಡೋರನ್ನೂ ಮೂಸಿ ನೋಡಿ ಅವರು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಾರೆ. “ಬಣ್ಣದ ವಾಸನೆ ಪೂರ್ತಿ ಹೋಗಿದೆ. ಇವತ್ತು ವ್ಯಾಕ್ಸ್ ಹಾಕ್ಬಹುದು.”

ಈ ಗಾಡಿಗೆ ಹೊಸ ಬಣ್ಣ ಹೊಡೆದು ಇಂದಿಗೆ ಅರವತ್ತಮೂರು ದಿನ. ಅಷ್ಟು ದಿನ ಕಾಯಲೇಬೇಕು ಎಂದು ಹೇಳಿದ್ದಕ್ಕೆ ಈಕೆ ಇಪ್ಪತ್ತಾರು ವರ್ಷದ ಕೆಲಸವನ್ನೇ ಕಳೆದುಕೊಳ್ಳುವುದರಲ್ಲಿದ್ದರು.

ಗ್ಯಾರೇಜಿನ ಬೀದಿಯಲ್ಲಿ ಅವರನ್ನು ಎಲ್ಲರೂ ಕರೆಯುವುದು ಫಳಫಳಕ್ಕ ಎಂದು. ಮೊದಲಿಗೆ ಗೇಲಿಗೆಂದು ಇಟ್ಟ ಹೆಸರು. ಶೆಡ್ಡಿನ ಕಸ ಗುಡಿಸಲು ಸೇರಿದ್ದ ಅವರು, ಪಾಲಿಶ್ ಮಾಡುವವನು ಹೇಳದೆ ಕೇಳದೆ ಬಿಟ್ಟುಹೋದ ದಿನ ಬಫಿಂಗ್ ಮಷೀನ್ ಎತ್ತಿಕೊಂಡಿದ್ದರು. “ಹೆಂಗಸಿನ ಕೈಗೆ ನನ್ನ ಕಾರು ಕೊಡಲ್ಲ” ಎಂದು ಗಾಡಿ ವಾಪಸು ತೆಗೆದುಕೊಂಡು ಹೋದವರಿದ್ದಾರೆ. ಹೋದವರಲ್ಲಿ ಅರ್ಧ ಜನ ಆರು ತಿಂಗಳಲ್ಲಿ ತಿರುಗಿ ಬಂದರು. “ಬಂದವರನ್ನ ನಾನೇನೂ ಹಂಗಿಸಲಿಲ್ಲ. ಕ್ಯೂ ಇದೆ, ಕೂತ್ಕೊಳ್ಳಿ ಅಂದೆ, ಅಷ್ಟೇ” ಎಂದು ನಗುತ್ತಾರೆ.

ಬಣ್ಣ ಹೊಡೆಯುವುದು ಗ್ಯಾರೇಜಿನ ಯಜಮಾನರು. ಅವರ ಕೈಗುಣವನ್ನು ಊರೆಲ್ಲ ಹೊಗಳುತ್ತದೆ. ಆದರೆ ಪೇಂಟ್ ಗನ್ನಿನಿಂದ ಹೊರಬಿದ್ದ ಬಣ್ಣ ಒಣಗಿದಾಗ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗಿರುತ್ತದೆ, ಅಲ್ಲಲ್ಲಿ ಧೂಳಿನ ಕಣ ಕೂತಿರುತ್ತದೆ. ಅದನ್ನು ಕನ್ನಡಿ ಮಾಡುವುದು ಫಳಫಳಕ್ಕನ ಪಾಲು. ನೀರು ಹಾಕಿಕೊಂಡು ಉಜ್ಜುವ ವಾಟರ್ ಪೇಪರ್ ಮೊದಲು, ಅದಕ್ಕಿಂತ ನುಣುಪಾದದ್ದು ಆಮೇಲೆ, ಕೊನೆಗೆ ಪೇಸ್ಟ್ ಹಚ್ಚಿ ಮಷೀನ್. ಒಂದು ಬಾಗಿಲಿಗೆ ನಲವತ್ತು ನಿಮಿಷ. ಇಡೀ ಪಿಕಪ್ಪಿಗೆ ಒಂಬತ್ತು ಗಂಟೆ. ಮೂರು ಕಿಲೋ ತೂಕದ ಮಷೀನ್ ಅಷ್ಟು ಹೊತ್ತೂ ಕೈಯಲ್ಲಿ ಗುಂಯ್ಗುಡುತ್ತಿರುತ್ತದೆ. ಸಂಜೆ ಮನೆಗೆ ಹೋದರೆ ಬೆರಳುಗಳು ಇನ್ನೂ ನಡುಗುತ್ತಿರುತ್ತವೆ, ಅದಕ್ಕೇ ಗಂಡ ಅವರಿಗೆ ಅರ್ಧ ಲೋಟ ಚಹಾ ಮಾತ್ರ ಕೊಡುತ್ತಾರೆ. ಕುಡಿದಾದ ಮೇಲೆ ಉಳಿದರ್ಧ.

ಗಂಡ ಮನೆಯ ಮುಂದಿನ ಕೋಣೆಯಲ್ಲೇ ಇಸ್ತ್ರಿ ಅಂಗಡಿ ಇಟ್ಟಿದ್ದಾರೆ. “ನಮ್ಮಿಬ್ರದೂ ಉಜ್ಜೋ ಜಾತಕ” ಎನ್ನುವುದು ಅವರ ಹಳೆಯ ತಮಾಷೆ. ಆದರೆ ಬಿಸಿಯನ್ನು ಅಂದಾಜು ಮಾಡುವುದನ್ನು ಹೆಂಡತಿಗೆ ಕಲಿಸಿದ್ದು ಅವರೇ. ಗಾಡಿಯ ಅಂಚುಗಳಲ್ಲಿ ಬಣ್ಣ ತೆಳು. ಮಷೀನ್ ಒಂದು ಕ್ಷಣ ಹೆಚ್ಚು ನಿಂತರೂ ಬಿಸಿಗೆ ಬಣ್ಣ ಎದ್ದು ಕೆಳಗಿನ ತಗಡು ಹಲ್ಲು ಕಿರಿಯುತ್ತದೆ. ಅದಕ್ಕೇ ಫಳಫಳಕ್ಕ ಅಂಚಿಗೆಲ್ಲ ಟೇಪ್ ಅಂಟಿಸುತ್ತಾರೆ, ಎರಡು ಸುತ್ತಿಗೊಮ್ಮೆ ಮಷೀನ್ ನಿಲ್ಲಿಸಿ ಮುಂಗೈ ತಾಗಿಸಿ ನೋಡುತ್ತಾರೆ.

ಇಷ್ಟೆಲ್ಲ ಮಾಡಿದರೂ ಗಾಡಿ ಹೊರಡುವಾಗ ಶಾಭಾಷ್‌ಗಿರಿ ಪೇಂಟರಿಗೆ. “ಕನ್ನಡಿ ನೋಡೋರು ತಮ್ಮ ಮುಖ ನೋಡ್ಕೋತಾರೆ. ಒರೆಸಿದವರು ಯಾರು ಅಂತ ಯಾರು ಕೇಳ್ತಾರೆ?” ಎನ್ನುತ್ತಾರೆ ಅವರು. ಅದರ ಬಗ್ಗೆ ಅವರಿಗೆ ಅಂಥ ಬೇಸರವೇನೂ ಇಲ್ಲ. ಬೇಸರ ಇದ್ದದ್ದು ಬೇರೆ ಒಂದು ವಿಷಯಕ್ಕೆ.

ಹನ್ನೊಂದು ವರ್ಷದ ಹಿಂದಿನ ಮಾತು. ಕೆಂಪು ಬಣ್ಣ ಹೊಡೆದ ಪಿಕಪ್ಪೊಂದಕ್ಕೆ ಮೂರನೇ ದಿನಕ್ಕೇ ವ್ಯಾಕ್ಸ್ ಹಾಕು ಎಂದು ಯಜಮಾನರು ಅವಸರ ಮಾಡಿದ್ದರು. ಹೊಸ ಬಣ್ಣ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿರುತ್ತದೆ. ಬಣ್ಣ ತೆಳುವಾಗಲೆಂದು ಬೆರೆಸಿದ ತಿನ್ನರ್ ವಾರಗಟ್ಟಲೆ ಮೆಲ್ಲಗೆ ಹೊರಗೆ ಹೋಗಬೇಕು. ಮೇಲೆ ವ್ಯಾಕ್ಸ್, ಅಂದರೆ ಹೊಳಪಿನ ಮೇಣ, ಮೆತ್ತಿದರೆ ತಿನ್ನರ್ ಒಳಗೇ ಸಿಕ್ಕಿಬೀಳುತ್ತದೆ. ಅಂದು ಫಳಫಳಕ್ಕ ಬಾಯಿ ಮುಚ್ಚಿಕೊಂಡು ಹಾಕಿದರು. ತಿಂಗಳೊಳಗೆ ಗಾಡಿ ಮಂಕಾಗಿ, ಬಾನೆಟ್ಟಿನ ತುಂಬ ಸಣ್ಣ ಗುಳ್ಳೆ ಎದ್ದು ವಾಪಸು ಬಂತು. “ಹೆಂಗಸರ ಕೈಗೆ ಕೊಟ್ರೆ ಇಷ್ಟೇ” ಎಂದು ಗಿರಾಕಿ ಬೀದಿಯಲ್ಲಿ ಕೂಗಾಡಿದ. ಹಾಕು ಎಂದಿದ್ದ ಯಜಮಾನರು ಪಕ್ಕದಲ್ಲೇ ನಿಂತಿದ್ದರು. ಬಾಯಿ ಬಿಡಲಿಲ್ಲ.

“ಬೈದವನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಸುಮ್ಮನಿದ್ರಲ್ಲ, ಅದು ಗಂಟಲಲ್ಲಿ ಮುಳ್ಳಾಗಿ ಕೂತುಬಿಡ್ತು. ಇನ್ನು ಯಾರೇ ಹೇಳಲಿ, ಹಸಿ ಬಣ್ಣದ ಮೇಲೆ ಕೈ ಆಡಿಸಲ್ಲ ಅಂತ ಅವತ್ತೇ ಅಂದ್ಕೊಂಡೆ.”

ಈ ಹಸಿರು ಪಿಕಪ್ಪು ಬಂದಾಗ ಅದೇ ಕಥೆ ಮತ್ತೆ ಶುರುವಾಯಿತು. ಹತ್ತೊಂಬತ್ತು ವರ್ಷದ ಹಳೇ ಗಾಡಿ. ದೊಡ್ಡ ಪೀಠೋಪಕರಣದ ಅಂಗಡಿಯೊಂದು ಮಂಚ, ಬೀರು ಸಾಗಿಸಲು ಸೋಮವಾರ ಗಾಡಿಗಳನ್ನು ನೋಡಿ ಆರಿಸಿಕೊಳ್ಳುವುದಿತ್ತು. ಹಳೆಯದು ಎಂದು ಕಂಡರೆ ಗೇಟಿನಿಂದಲೇ ವಾಪಸು. ಪಿಕಪ್ಪಿನವರು ಕೈಲಿದ್ದದ್ದನ್ನೆಲ್ಲ ಬಣ್ಣಕ್ಕೆ ಹಾಕಿದ್ದರು. ಮಂಗಳವಾರ ಬಣ್ಣ ಮುಗಿಯಿತು. ಶುಕ್ರವಾರ ಯಜಮಾನರು ವ್ಯಾಕ್ಸಿನ ಡಬ್ಬಿ ತಂದು ಮುಂದಿಟ್ಟರು.

“ಇವತ್ತೇ ಹಾಕಿ ಮುಗಿಸಮ್ಮ.”

“ಪಾಲಿಶ್ ಮಾಡ್ತೀನಿ ಯಜಮಾನ್ರೇ. ವ್ಯಾಕ್ಸ್ ಹಾಕಲ್ಲ.”

“ನನಗೇ ಪಾಠ ಹೇಳ್ತೀಯಾ? ನೀನು ಹಾಕದಿದ್ರೆ ನಾನು ಹಾಕ್ತೀನಿ. ನಾಳೆಯಿಂದ ಬರೋದು ಬೇಡ.”

ಫಳಫಳಕ್ಕ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದರು. ತಾವೇ ದುಡ್ಡು ಉಳಿಸಿ ಕೊಂಡಿದ್ದ ಹಳೆಯ ಮಷೀನ್, ಪ್ಯಾಡು, ಬಟ್ಟೆಗಳನ್ನು ಚೀಲಕ್ಕೆ ತುಂಬಿಕೊಂಡು ನೇರ ಪಿಕಪ್ಪಿನವರ ಮನೆಗೆ ನಡೆದರು. ಬಾಗಿಲಲ್ಲೇ ನಿಂತು ಹೇಳಿದರು: “ಅಣ್ಣ, ಇವತ್ತು ವ್ಯಾಕ್ಸ್ ಹಾಕಿದ್ರೆ ಸೋಮವಾರಕ್ಕೆ ಚೆನ್ನಾಗೇ ಕಾಣುತ್ತೆ. ಮುಂದಿನ ತಿಂಗಳು ನೀವು ಬೈಕೊಂಡು ಬರ್ತೀರ. ವ್ಯಾಕ್ಸ್ ಇಲ್ಲದೇನೇ ಹೊಳಪು ತರ್ತೀನಿ. ಗಾಡಿ ನಿಮ್ದು, ಯೋಚನೆ ಮಾಡಿ.”

ಆ ಮನುಷ್ಯ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡರು. ಆಮೇಲೆ ಚಪ್ಪಲಿ ಮೆಟ್ಟಿ ಹೋಗಿ, ಯಜಮಾನರು ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಗಾಡಿಯನ್ನು ಶೆಡ್ಡಿನಿಂದ ಈಚೆ ತಂದರು.

ಶನಿವಾರ ನಸುಕಿನಲ್ಲಿ ಏಳುವ ಹೊತ್ತಿಗೆ ಗಂಡ ತಿಂಡಿ ಬಡಿಸಿದ್ದರು. “ತಿಂದು ಹೋಗು. ಹಸಿದ ಹೊಟ್ಟೇಲಿ ಹಟ ನಿಲ್ಲಲ್ಲ.” ತಿಂದು ಹೋದರು. ಪಿಕಪ್ಪಿನವರ ಕೈಲಿ ಗಾಡಿ ತರಿಸಿ ನಿಲ್ಲಿಸಿದ್ದು ಬೇರೆಲ್ಲೂ ಅಲ್ಲ, ಗ್ಯಾರೇಜಿನ ಶಟರಿನ ಎದುರಿಗೇ.

“ಅಲ್ಲೇ ಯಾಕೆ ಅಂತ ಎಲ್ಲರೂ ಕೇಳಿದ್ರು. ಇಪ್ಪತ್ತಾರು ವರ್ಷ ದುಡಿದ ಜಾಗ ಅದು. ಶಟರ್ ಅವರದು. ರಸ್ತೆ ಅವರದಲ್ವಲ್ಲ!”

ಧೂಳು ಏಳದಂತೆ ರಸ್ತೆಗೆ ಆರು ಬಕೆಟ್ ನೀರು ಚಿಮುಕಿಸಿದರು. ಕರೆಂಟಿಗೆ ಎದುರಿನ ಟೈಲರ್ ಕಿಟಕಿಯಿಂದ ವೈರ್ ಎಳೆದುಕೊಟ್ಟರು. ಬಫಿಂಗ್ ಶುರುವಾದಾಗಲೆಲ್ಲ ಕರೆಂಟ್ ಸಾಲದೆ ಅವರ ಹೊಲಿಗೆ ಮಷೀನ್ ಮೂಕವಾಗುತ್ತಿತ್ತು. “ನಿಮ್ಮ ಬಾನೆಟ್ ಮುಗಿಯೋವರೆಗೆ ನನ್ನ ಗಿರಾಕಿ ಅಂಗಿಗೆ ಒಂದೇ ತೋಳು” ಎಂದು ಗೊಣಗಿದರೇ ಹೊರತು ವೈರ್ ಕೀಳಲಿಲ್ಲ. ಬಿಸಿಲು ಏರುವ ಮೊದಲು ಬಾನೆಟ್ಟು, ಎರಡು ಬಾಗಿಲು ಮುಗಿದವು. ವ್ಯಾಕ್ಸ್ ಒಂದು ತೊಟ್ಟೂ ಇಲ್ಲ. ನೋಡಲು ನಿಂತ ಜನರ ಮುಖಗಳು ಬಾಗಿಲಲ್ಲಿ ಮೀಸೆ, ಕನ್ನಡಕ ಸಮೇತ ಕಾಣುತ್ತಿದ್ದವು.

ಎಂಟೂವರೆಗೆ ಯಜಮಾನರು ಬಂದರು. ಜನರನ್ನು ಸರಿಸಿಕೊಂಡು ಬಾಗಿಲ ಮೇಲೆ ಅಂಗೈ ಸವರಿದರು. ಕೆಲಸ ಬಲ್ಲ ಕೈ, ಸುಳ್ಳು ಹೇಳಲು ಬಾರದು. ಶಟರ್ ಎತ್ತಿ, ಯಾರ ಮುಖವನ್ನೂ ನೋಡದೆ, “ಒಳಗೆ ತಗೊಂಬಾ, ಧೂಳು ಕೂರುತ್ತೆ” ಎಂದರು.

ಫಳಫಳಕ್ಕ ಅಲುಗಲಿಲ್ಲ. “ಬರ್ತೀನಿ. ಆ ಕೆಂಪು ಗಾಡಿಗೆ ವ್ಯಾಕ್ಸ್ ಹಾಕು ಅಂದಿದ್ದು ಯಾರು ಅಂತ ಮೊದಲು ಹೇಳಿ. ಇವರೆಲ್ಲರ ಮುಂದೆ.”

ಟೈಲರ್ ಕತ್ತರಿ ಹಿಡಿದೇ ಹೊರಗೆ ಬಂದರು. ಯಜಮಾನರು ಶಟರಿನ ಬೀಗವನ್ನು ಕೈಯಲ್ಲಿ ತಿರುಗಿಸಿದರು.

“ನಾನೇ ಕಣಮ್ಮ ಅಂದಿದ್ದು. ಅವತ್ತೇ ಹೇಳ್ಬೇಕಿತ್ತು. ತಪ್ಪು ನನ್ನದು.”

“ಸರಿ. ಗಾಡಿ ಒಳಗೆ ತಗೊಳ್ಳಣ್ಣ” ಎಂದು ಪಿಕಪ್ಪಿನವರಿಗೆ ಹೇಳಿ ಫಳಫಳಕ್ಕ ಚೀಲ ಎತ್ತಿಕೊಂಡರು. ಅಂದಿನ ಮಾತಿನ ಬಗ್ಗೆ ಈಗ ಕೇಳಿದರೆ ಯಜಮಾನರು ನಗುತ್ತಾರೆ. “ಏನ್ ಮಾಡೋದು, ನಿಜ ಅದು. ಈಗ ವ್ಯಾಕ್ಸ್ ಯಾವಾಗ ಅಂತ ಗಿರಾಕಿ ಕೇಳಿದ್ರೆ ಅಕ್ಕನ್ನ ಕೇಳಿ ಅಂತೀನಿ.”

ಸೋಮವಾರ ಪೀಠೋಪಕರಣದ ಅಂಗಡಿಯವರು ಗಾಡಿಯನ್ನು ಎರಡು ಸುತ್ತು ಬಂದು, ಯಾವ ವರ್ಷದ್ದು ಎಂದು ಕೇಳಿದರಂತೆ. ಹತ್ತೊಂಬತ್ತು ವರ್ಷ ಎಂದಾಗ ನಂಬದೆ ಕಾಗದ ತೆಗೆಸಿ ನೋಡಿದರು. ನೋಡಿ, ಆರಿಸಿಕೊಂಡರು.

ಮುಂದಿನ ಎರಡು ತಿಂಗಳು ಪಿಕಪ್ಪಿನವರದು ಬಾಣಂತನದ ಪಥ್ಯ. ಬ್ರಷ್ಷಿನ ತೊಳೆತ ಬೇಡ, ನೆರಳಲ್ಲಿ ಬರೀ ನೀರು, ಮೆತ್ತನೆ ಬಟ್ಟೆ, ಮೇಲೆ ಹೊದಿಕೆ ಹೊದಿಸುವಂತಿಲ್ಲ, ಹಕ್ಕಿ ಗಲೀಜು ಮಾಡಿದರೆ ಆ ಕ್ಷಣವೇ ತೊಳೆಯಬೇಕು. ಹದಿನಾಲ್ಕು ಸಲ ಫೋನು ಮಾಡಿದ್ದಾರೆ. “ಅಕ್ಕಾ, ಬಾನೆಟ್ ಮೇಲೆ ಕಾಗೆ...” ಎಂದರೆ, “ನನಗ್ಯಾಕಣ್ಣ ಹೇಳ್ತೀರ, ನೀರು ಹಾಕ್ರೀ!” ಎಂದು ಇತ್ತಲಿಂದ ಉತ್ತರ.

ಈಗ ಶೆಡ್ಡಿನಲ್ಲಿ ಬೆಳಕು ತುಂಬಿದೆ. ಮಗುವಿನ ಕೆನ್ನೆಗೆ ಎಣ್ಣೆ ಸವರಿದಷ್ಟು ತೆಳ್ಳಗೆ ಅವರು ವ್ಯಾಕ್ಸ್ ಹಚ್ಚುತ್ತಿದ್ದಾರೆ. ಹೆಚ್ಚು ಮೆತ್ತಿದರೆ ಹೆಚ್ಚು ಕಾಪಾಡುತ್ತದೆ ಎನ್ನುವುದು ಭ್ರಮೆ ಎನ್ನುತ್ತಾರೆ. ಒರೆಸಿ ತೆಗೆದ ಜಾಗದಲ್ಲಿ ಹಸಿರು ಇನ್ನಷ್ಟು ಆಳವಾಗುತ್ತದೆ. ನೀರು ಚಿಮುಕಿಸಿದರೆ ಹನಿಗಳು ಗುಂಡಗೆ ನಿಂತು ಜಾರುತ್ತವೆ.

ಇಷ್ಟು ವರ್ಷದಲ್ಲಿ ಎಷ್ಟು ಗಾಡಿ ಉಜ್ಜಿದ್ದೀರಿ ಎಂದರೆ ಲೆಕ್ಕ ಇಟ್ಟಿಲ್ಲ ಎನ್ನುತ್ತಾರೆ. ಆಸೆ ಏನಾದರೂ ಉಳಿದಿದೆಯಾ ಎಂದರೆ ಮಾತ್ರ ಬಟ್ಟೆ ಹಿಂಡುತ್ತಿದ್ದ ಕೈ ನಿಲ್ಲುತ್ತದೆ.

“ಒಂದನ್ನೂ ಓಡಿಸಿಲ್ಲ ನಾನು. ಸ್ಟೇರಿಂಗ್ ಒರೆಸಿದ್ದೀನಿ, ತಿರುಗಿಸಿಲ್ಲ. ಬರೋ ತಿಂಗಳಿಂದ ಕಲಿಸ್ತೀನಿ ಅಂದಿದ್ದಾರೆ ಈ ಅಣ್ಣ. ಈ ವಯಸ್ಸಲ್ಲಿ ಯಾಕೆ ಅಂತ ಕೇಳೋರು ಕೇಳ್ಲಿ. ಮೊದಲನೇ ದಿನಾನೇ ಮಣ್ಣು ರಸ್ತೆಗೆ ಬಿಡ್ತೀನಿ ನೋಡಿ. ಕೆಸರು ಎಷ್ಟು ಹಾರುತ್ತೋ ಹಾರ್ಲಿ. ತೊಳೆಯೋಕೆ ಬರುತ್ತಲ್ಲ ನನಗೆ!”