ಬೆರಳ ತುದಿಯ ಮುತ್ತು

ಯಾರಾದರೂ ಮುತ್ತಿಟ್ಟರೆ ಮುಖವನ್ನು ಹೇಗೆ ಇಟ್ಟುಕೊಳ್ಳಬೇಕೆಂಬುದು ಈ ವಯಸ್ಸಿನಲ್ಲೂ ನನಗೆ ಗೊತ್ತಿಲ್ಲ. ಮದುವೆಯಾಗಿ ಸೇಡಂಗೆ ಬಂದ ಹೊಸದರಲ್ಲಿ ಅತ್ತೆಯ ಬಳಗದ ಹೆಂಗಸರು ಒಬ್ಬೊಬ್ಬರಾಗಿ ಮುತ್ತಿಡುವಾಗ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕುಳಿತವಳಂತೆ ಬಿಗಿದುಕೊಂಡಿದ್ದೆ.

ಟೀವಿಯಲ್ಲಿ ಕಾಣುವ ಮುತ್ತಲ್ಲ ಇದು. ಇಲ್ಲಿ ತುಟಿ ಕೆನ್ನೆಗೆ ತಾಗುವುದೇ ಇಲ್ಲ. ಎದುರಿನವರ ಕೆನ್ನೆಯನ್ನು ಬೆರಳಿಂದ ಸವರಿ, ಆ ಬೆರಳನ್ನು ತಮ್ಮ ತುಟಿಗೆ ಒಯ್ದು 'ಮ್ಚ್' ಎನ್ನುತ್ತಾರೆ. ಬೇರೆ ಕಡೆ ಮುತ್ತು ಕೊಡುತ್ತಾರೆ, ಇಲ್ಲಿ ತೆಗೆದುಕೊಳ್ಳುತ್ತಾರೆ. ಕಾಲೇಜಿನಲ್ಲಿ ಕನ್ನಡ ಕಲಿಸುವ ನನಗೆ ಈ ವ್ಯಾಕರಣ ತಿಳಿದದ್ದು ಮೊನ್ನೆ ಮೊನ್ನೆ.

ಅತ್ತೆಗೂ ಗುಂಡಗುರ್ತಿಯಲ್ಲಿರುವ ಅವರ ತಂಗಿ ನಾಗಮ್ಮನಿಗೂ ವರ್ಷಗಳಿಂದ ಮಾತಿರಲಿಲ್ಲ. ಮಗಳ ಸಂಬಂಧ ಕುದುರಿದ ಸುದ್ದಿಯನ್ನು ನಾಗಮ್ಮ ಅಕ್ಕನಿಗೆ ಮೊದಲು ಹೇಳಲಿಲ್ಲವೆಂಬುದೇ ಕಾರಣ. ತಂಗಿ ಬಿದ್ದು ಕೈ ಮುರಿದುಕೊಂಡಳೆಂದು ಕೇಳಿದ ಅತ್ತೆ ಊಟ ಬಿಟ್ಟು ಎದ್ದರು. ಬಸ್ಸಿನಲ್ಲಿ ಮಾತ್ರ ದಾರಿಯುದ್ದಕ್ಕೂ ಒಂದೇ ಮಾತು: "ನಾ ಆಕಿ ಜೋಡಿ ಮಾತಾಡಂಗಿಲ್ಲ. ಕೈ ಹೆಂಗದ ನೋಡ್ಲಿಕ್ಕೆ ಹೊಂಟೀನಿ, ಅಷ್ಟೇ."

ನಾಗಮ್ಮನೂ ಕಡಿಮೆಯವರಲ್ಲ. ನನಗೆ "ಬಾ ಯವ್ವಾ" ಎಂದವರು ಒಡಹುಟ್ಟಿದ ಅಕ್ಕನಿಗೆ, ತಹಶೀಲ್ದಾರರು ಮನೆಗೆ ಬಂದಂತೆ, "ಬರ್ರಿ, ಕುಂದ್ರಿ" ಎಂದು ಗೋಡೆಯತ್ತ ತಿರುಗಿದರು. ಚಹಾ ಬಂತು, ಆರಿತು. ಡಾಕ್ಟರು, ಔಷಧಿ, ಎಲ್ಲವನ್ನೂ ಇಬ್ಬರ ನಡುವೆ ನಾನೇ ಸಾಗಿಸಿದೆ. ಎರಡು ಮಾರು ದೂರದಲ್ಲಿ ಕೂತವರಿಗೆ ದುಭಾಷಿಯಾಗುವ ಕಷ್ಟ ಯಾರಿಗೂ ಬೇಡ. ಇನ್ನು ಇವರು ಹೀಗೇ ಉಳಿದುಬಿಡುತ್ತಾರೆ ಎಂದು ನನಗೆ ದಿಗಿಲಾಯಿತು.

ಹೊರಡಲು ಎದ್ದ ಅತ್ತೆ ಬಾಗಿಲ ತನಕ ಹೋಗಿ ನಿಂತರು. ತಿರುಗಿ ಬಂದು, ಗೋಡೆ ನೋಡುತ್ತಿದ್ದ ತಂಗಿಯ ಕೆನ್ನೆ ಸವರಿ ಬೆರಳನ್ನು ತುಟಿಗೊತ್ತಿಕೊಂಡರು.

ನಾಗಮ್ಮ ಗೋಡೆಗೇ ಹೇಳಿದಂತೆ, "ಈ ಕಡಿ ಗಲ್ಲ ಏನ್ ಪಾಪ ಮಾಡ್ಯಾದ?" ಎಂದು ಇನ್ನೊಂದು ಕೆನ್ನೆಯನ್ನು ಇತ್ತ ತಿರುಗಿಸಿದರು. ಅದು ಒದ್ದೆಯಾಗಿತ್ತು.

ಕ್ಷಮೆ ಯಾರೂ ಕೇಳಲಿಲ್ಲ, ಹಳೆಯದನ್ನು ಯಾರೂ ಎತ್ತಲಿಲ್ಲ. ಮರಳುವಾಗ ಬಸ್ಸಿನಲ್ಲಿ ಅತ್ತೆ ತಮ್ಮ ಬೆರಳುಗಳನ್ನು ನೋಡಿಕೊಳ್ಳುತ್ತ ಕುಳಿತಿದ್ದರು. "ಗಲ್ಲ ಭಾಳ ಇಳದಾವ ಆಕಿವು," ಎಂದರು. "ಸರಿಯಾಗಿ ಉಣ್ಲಿಕತ್ತಿಲ್ಲ. ನಾಳಿ ತುಪ್ಪ ತೊಗೊಂಡು ಮತ್ತ ಬರಮು."

ಅಷ್ಟು ಹೊತ್ತು ಎದುರಿಗೇ ಕೂತಿದ್ದ ನನಗೆ ಅದು ಕಂಡೇ ಇರಲಿಲ್ಲ.