ಹರಿಹರದ ದಿನವಹಿಯ ‘ಒಬ್ಬ ಸಹೋದರಿ’

ಹರಿಹರಕ್ಕೆ ಬಂದ ಮರುದಿನ ಬೆಳಿಗ್ಗೆ ನಮ್ಮ ಕಾನ್ವೆಂಟಿನ ಅಡುಗೆಯ ಕೆಂಚಮ್ಮ ಒಂದು ಮೊರ ಚರುಮುರಿಯನ್ನು ನನ್ನ ಕಣ್ಣೆದುರೇ ನೀರಿಗೆ ಸುರಿದಳು. ಅಯ್ಯೋ ದೇವರೇ, ಇವಳಿಗೇನಾಗಿದೆ ಅಂದುಕೊಂಡೆ. ನಮ್ಮ ಕುಂದಾಪುರದಲ್ಲಿ ಚರುಮುರಿ ಸ್ವಲ್ಪ ಮೆತ್ತಗಾಗಿದ್ದರೂ ಅಂಗಡಿಯವನಿಗೆ ಎರಡು ಮಾತು ಆಡಿಯೇ ಬರುತ್ತೇವೆ. ಇವಳು ಅದನ್ನು ನೆನೆಸಿ, ಹಿಂಡಿ, ಒಗ್ಗರಣೆಗೆ ಹಾಕಿ, ಮೇಲೆ ಹುರಿಗಡಲೆ ಪುಡಿ ಉದುರಿಸಿ ಬಡಿಸಿದಳು. ಇಲ್ಲಿ ಅದಕ್ಕೆ ಮಂಡಕ್ಕಿ ಎನ್ನುತ್ತಾರೆ. ಈಗ ಎರಡು ವರ್ಷವಾಯಿತು, ವಾರಕ್ಕೆ ಮೂರು ದಿನ ನಾನೇ ಕೇಳಿ ಮಾಡಿಸಿಕೊಳ್ಳುತ್ತೇನೆ. ಮೀನಿನ ವಿಷಯ ಮಾತ್ರ ಎತ್ತಬೇಡಿ. ಹೊಳೆಯ ಮೀನನ್ನು ಮೀನು ಎಂದು ಒಪ್ಪಲು ನನ್ನ ನಾಲಿಗೆ ಇನ್ನೂ ತಯಾರಿಲ್ಲ.

ನನ್ನನ್ನು ಇಲ್ಲಿಗೆ ಕಳಿಸಿದ್ದು ಹಳೆಯ ದಾಖಲೆಗಳನ್ನು ಜೋಡಿಸಿಡಲು. ನಮ್ಮ ಸನ್ಯಾಸಿನಿಯರ ಸಭೆಯ ಪ್ರತಿ ಕಾನ್ವೆಂಟಿನಲ್ಲೂ ಒಂದು ದಿನವಹಿ ಇರುತ್ತದೆ, ಅಲ್ಲಿ ನಡೆದದ್ದನ್ನೆಲ್ಲ ಒಬ್ಬ ಸಿಸ್ಟರ್ ಅದರಲ್ಲಿ ಬರೆದಿಡಬೇಕು. ಇಲ್ಲಿಯ ಹಳೆಯ ದಿನವಹಿಗಳು ಕನ್ನಡ ಲಿಪಿಯ ಕೊಂಕಣಿಯಲ್ಲಿವೆ. ಊರಲ್ಲಾದರೆ ಕಾಗದಕ್ಕೆ ತೇವದ ಕಾಟ, ಇಲ್ಲಿ ಧೂಳು, ಗೆದ್ದಲು. ಮೊದಲ ಮಳೆಗಾಲದಲ್ಲಿ ನಾಲ್ಕು ಹನಿ ಬಿದ್ದು ನಿಂತುಹೋದಾಗ ಊರಿನ ಮಳೆ ನೆನಪಾಗಿ ಆ ಕಾಗದಗಳ ನಡುವೆ ಕೂತು ಅತ್ತಿದ್ದೇನೆ. ಯಾರಿಗೂ ಹೇಳಿರಲಿಲ್ಲ, ಈಗ ನಿಮಗೆ ಹೇಳುತ್ತಿದ್ದೇನೆ.

ಹೋದ ವರ್ಷ ದಾವಣಗೆರೆ ಬಳಿಯ ಹದಡಿಯಿಂದ ಗೌರಮ್ಮ ಎಂಬ ಅಜ್ಜಿ ಹುಡುಕಿಕೊಂಡು ಬಂದರು. ಅವರು ಹುಟ್ಟಿದಾಗಲೇ ತಾಯಿ ತೀರಿಕೊಂಡರಂತೆ. ದಿಕ್ಕು ತೋಚದ ತಂದೆ ಕೂಸನ್ನು ನಮ್ಮ ಕಾನ್ವೆಂಟಿನ ಆಸ್ಪತ್ರೆಗೆ ತಂದು ಬಿಟ್ಟರಂತೆ. ಒಬ್ಬ ಸಿಸ್ಟರ್ ವರ್ಷದ ತನಕ ಸಾಕಿ ಮರಳಿ ಕೊಟ್ಟರು. ಯಾವ ಸಿಸ್ಟರ್ ಎಂದು ತಂದೆ ಕೇಳಿಟ್ಟುಕೊಂಡಿರಲಿಲ್ಲ. ಇಲ್ಲಿ ಹಿರಿಯರ ಹಬ್ಬದ ದಿನ ತೀರಿಕೊಂಡವರಿಗೆ ಬಟ್ಟೆ ಇಟ್ಟು, ಮಾಡಿದ ಅಡುಗೆಯನ್ನು ಎಡೆ ಇಡುತ್ತಾರೆ. ಹೆಸರು ಹಿಡಿದು ಕರೆಯಬೇಕಂತೆ.

“ಹೆತ್ತವ್ವಗೆ ವರ್ಷಾ ವರ್ಷ ಇಡ್ತೀನ್ರಿ. ಸಾಕಿದವ್ವಗೆ ಹೆಂಗೆ ಇಡ್ಲಿ? ಹೆಸ್ರೇ ಗೊತ್ತಿಲ್ಲಲ್ರಿ” ಎಂದರು. ಹಬ್ಬಕ್ಕೆ ಒಂದು ತಿಂಗಳಿತ್ತು.

ಹುಡುಕಿದೆ. ‘ಹದಡಿಯ ತಾಯಿಯಿಲ್ಲದ ಹೆಣ್ಣು ಕೂಸನ್ನು ಒಬ್ಬ ಸಹೋದರಿ ನೋಡಿಕೊಳ್ಳುತ್ತಿದ್ದಾಳೆ’ ಎಂಬ ಸಾಲು ಸಿಕ್ಕಿತು. ಹೆಸರಿಲ್ಲ. ಅದೇ ಪುಟದಲ್ಲಿ, ಆಸ್ಪತ್ರೆಯ ಹೊಣೆ ಸಿಸ್ಟರ್ ಸೆಲೀನ್ ಅವರದು ಎಂದಿತ್ತು. ಇನ್ಯಾರು ಸಾಕಿರುತ್ತಾರೆ ಎಂದು ಅದೇ ಹೆಸರು ಹೇಳಿ ಕಳಿಸಿದೆ. ಗೌರಮ್ಮ ‘ಸೆಲೀನಮ್ಮ, ಸೆಲೀನಮ್ಮ’ ಎಂದು ಬಾಯಿಪಾಠ ಮಾಡುತ್ತಾ ಬಸ್ಸು ಹತ್ತಿದರು. ನಾನು ಬೀಗುತ್ತಾ ಊಟಕ್ಕೆ ಹೋದೆ.

ವಾರದ ನಂತರ ಈಗಿನ ದಿನವಹಿ ಬರೆಯುತ್ತಿದ್ದೆ. ‘ಇಂದು ಒಬ್ಬ ಸಹೋದರಿ ದಾವಣಗೆರೆಯ ಪಿ.ಜೆ. ಬಡಾವಣೆಗೆ ಹೋಗಿ ಹಲ್ಲು ಕೀಳಿಸಿಕೊಂಡು ಬಂದಳು.’ ಆ ಸಹೋದರಿ ನಾನೇ. ಎಲ್ಲರ ಹೆಸರನ್ನೂ ಬರೆಯಬಹುದು, ಬರೆಯುವವಳು ಮಾತ್ರ ತನ್ನ ಹೆಸರು ಹಾಕಬಾರದು. ವಿನಯಕ್ಕಾಗಿ ನಮಗೆ ಕಲಿಸಿದ ಪದ್ಧತಿ ಇದು. ನನ್ನ ಕೈ ನಿಂತಿತು. ದಿನವೂ ಹೀಗೇ ಬರೆಯುವ ನನಗೇ ಹೊಳೆಯಲಿಲ್ಲವಲ್ಲ! ಕೂಸನ್ನು ಸಾಕಿದವಳು ಆ ಸಾಲನ್ನು ಬರೆದವಳೇ.

ಪುಟದ ಫೋಟೊ ತೆಗೆದು ಮಂಗಳೂರಿನ ನಮ್ಮ ಮುಖ್ಯ ಕಾನ್ವೆಂಟಿಗೆ ಕಳಿಸಿದೆ. ಪ್ರತಿ ಸಿಸ್ಟರ್ ಸನ್ಯಾಸಕ್ಕೆ ಸೇರುವಾಗ ತನ್ನ ಕೈಯಿಂದಲೇ ಬರೆದುಕೊಟ್ಟ ವ್ರತಪತ್ರ ಅಲ್ಲಿದೆ. ಅಕ್ಷರ ಹೋಲಿಸಿ ನೋಡಲು ಹದಿನೈದು ದಿನ ಹಿಡಿಯಿತು. ಉತ್ತರ ಬಂತು: ಸಿಸ್ಟರ್ ಎವ್ಲಿನ್, ನಮ್ಮ ಕರಾವಳಿಯವರೇ. ಅಲ್ಲಿಗೇ ವರ್ಗವಾಗಿ ಹೋಗಿ ಅಲ್ಲೇ ಮಣ್ಣಾದವರು.

ಹಬ್ಬಕ್ಕೆ ಎರಡು ದಿನವಿರುವಾಗ ಹದಡಿಗೆ ಹೋದೆ. ದಾರಿಯುದ್ದಕ್ಕೂ ನಾಚಿಕೆ, ಹೆದರಿಕೆ. ತಪ್ಪು ಹೆಸರು ಕೊಟ್ಟಿದ್ದೆ ಎಂದು ಒಪ್ಪಿಕೊಂಡೆ. ದಿನವಹಿಯಲ್ಲಿ ಆ ಕೂಸಿನ ಬಗ್ಗೆ ಇದ್ದ ಕೊನೆಯ ಸಾಲನ್ನು ಕನ್ನಡದಲ್ಲಿ ಓದಿ ಹೇಳಿದೆ: ‘ಕೂಸನ್ನು ಅದರ ತಂದೆ ಕರೆದುಕೊಂಡು ಹೋದ. ಒಬ್ಬ ಸಹೋದರಿಗೆ ಇಂದು ಊಟ ಸೇರಲಿಲ್ಲ.’

ಗೌರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, “ಎವ್ಲಿನವ್ವ” ಎಂದು ಒಮ್ಮೆ ಮೆಲ್ಲಗೆ ಹೇಳಿ ನೋಡಿದರು. ಆಮೇಲೆ, “ಇಬ್ರಿಗೂ ಎಡೆ ಇಡಾಣ ಬಿಡ್ರಿ. ಸೆಲೀನಮ್ಮನ್ನ ಮನಸ್ನಾಗ ಆಗ್ಲೇ ಕರೆದೀನಿ, ಈಗ ಬ್ಯಾಡ ಅನ್ನಕಾಗಲ್ಲ” ಎಂದರು. ನನಗೆ ನಗುವೂ ಬಂತು, ಅಳುವೂ ಬಂತು.

ಹೊರಟು ನಿಂತಾಗ ಕೈ ಹಿಡಿದುಕೊಂಡರು. “ನೀವೂ ಒಂದಿನ ವರ್ಗ ಆಗಿ ಹೋಗೋರೇ. ನಿಮ್ಮ ಹೆಸ್ರೇನ್ರಿ?”

ನಾನು ಬಂದಾಗಿನಿಂದ ಈ ಕಡೆಯವರು ಯಾರೂ ಅದನ್ನು ಕೇಳಿರಲಿಲ್ಲ. ನಾನೂ ಬರೀ ಸಿಸ್ಟರ್ ಆಗಿಯೇ ಇದ್ದೆ. ಹೇಳಿದೆ.

“ಯಾವೂರು?”

“ಹರಿಹರ” ಎಂದುಬಿಟ್ಟೆ. ಅಲ್ಲ, ಕುಂದಾಪುರ ಎಂದು ತಿದ್ದುವಷ್ಟರಲ್ಲಿ ಅವರು ನನಗೆ ಕಟ್ಟಿಕೊಡಲು ರೊಟ್ಟಿ ತರಲೆಂದು ಒಳಗೆ ಹೋಗಿಯಾಗಿತ್ತು.