ಎಲೆ-ಅಡಿಕೆಯ ಪ್ರಶ್ನೆ

೧೯೮೬. ನಾನು ಚನ್ನಗಿರಿಯಲ್ಲಿ ಆರೋಗ್ಯ ಸಹಾಯಕನಾಗಿದ್ದೆ. ಕ್ಯಾನ್ಸರ್ ರೋಗಿಗಳ ದಿನನಿತ್ಯದ ಕಷ್ಟ ತಿಳಿಯಲು ಇಂಗ್ಲಿಷಿನಲ್ಲಿದ್ದ ಒಂದು ಪ್ರಶ್ನಾವಳಿಯನ್ನು ಕನ್ನಡಕ್ಕೆ ಹೊಂದಿಸುವ ಕೆಲಸಕ್ಕೆ ನಮ್ಮ ಡಾಕ್ಟರು ನನ್ನನ್ನು ಹಾಕಿದ್ದರು. ಆರೋಗ್ಯವಂತರ ಮೇಲೂ ಅದನ್ನು ಪ್ರಯೋಗಿಸಬೇಕಿತ್ತು. ರೋಗಿಗಳ ಊರುಗಳಿಗೆ ಹೊರಡುವ ಮುಂಚಿನ ಭಾನುವಾರ, ಊಟವಾದ ಮೇಲೆ, ನನ್ನ ಹೆಂಡತಿ ಶಾರದಾಳನ್ನು ಕೂರಿಸಿಕೊಂಡು ಓದಿದೆ. ನೋವಿದೆಯೇ, ನುಂಗಲು ಕಷ್ಟವೇ, ನಿದ್ದೆ ಕೆಡುತ್ತದೆಯೇ.

"ನಿಮ್ಮನ್ನ ಕಟ್ಕೊಂಡಿದ್ದು ಬಿಟ್ರೆ ನಂಗ್ಯಾವ ನೋವೂ ಇಲ್ಲ, ಬರ್ಕಳ್ರಿ."

ಎಲ್ಲಕ್ಕೂ 'ಇಲ್ಲ' ಎಂದು ಬರೆದೆ. ಎಂದಿನಂತೆ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಿಸಿ ಕೊಟ್ಟೆ. ಇಸಿದುಕೊಂಡು ಒಳಗೆ ಹೋದಳು.

ನಿಯಮ ಸರಳವಾಗಿತ್ತು. ಒಬ್ಬರನ್ನೇ ಹದಿನೈದು ದಿನ ಬಿಟ್ಟು ಮತ್ತೆ ಕೇಳಬೇಕು. ಎರಡು ಸಲದ ಉತ್ತರ ಹೊಂದಿದರೆ ಪ್ರಶ್ನೆಯನ್ನು ನಂಬಬಹುದು. ಹೊನ್ನಾಳಿ, ನ್ಯಾಮತಿ ಕಡೆಯ ಬಾಯಿ ಕ್ಯಾನ್ಸರ್ ರೋಗಿಗಳು ಮೊದಲ ಸಲ 'ನೋವಿಲ್ಲ' ಎಂದರು. ಎರಡನೇ ಸಲವೂ ಅದನ್ನೇ ಹೇಳಿದರು. ಲೆಕ್ಕದ ಪ್ರಕಾರ ಪ್ರಶ್ನಾವಳಿ ಗಟ್ಟಿ. ಆದರೆ ಹುಣ್ಣು ನನ್ನ ಕಣ್ಣಿಗೇ ಕಾಣುತ್ತಿತ್ತು. ಏಕೆ ಹೀಗೆ ಎಂಬುದು ತಲೆ ಕೊರೆಯಿತು.

ಆ ರೋಗಿಗಳಲ್ಲೊಬ್ಬಳಾದ ನ್ಯಾಮತಿಯ ಗೌರಮ್ಮ ಎಂಬ ಅಜ್ಜಿಯ ಮನೆಯಿಂದ ಏಳುವಾಗ ಸೊಸೆ ಎಲ್ಲರಿಗೂ ಎಲೆ-ಅಡಿಕೆ ತಂದಳು. ಅಜ್ಜಿ ತನ್ನ ಪಾಲನ್ನು ತೆಗೆದುಕೊಂಡು ಮೆಲ್ಲಗೆ ಸೆರಗಿಗೆ ಗಂಟು ಹಾಕಿಕೊಂಡಿತು. ಸೊಸೆ ಒಳಗೆ ಹೋದ ಮೇಲೆ, ಏಕೆ ಹಾಕಿಕೊಳ್ಳಲಿಲ್ಲವೆಂದು ಕೇಳಿದೆ.

"ಬಾಯಾಗೆ ಇಟ್ರೆ ಕೆಂಡ ಇಟ್ಟಂಗೆ ಆಗತೈತಪ್ಪ."

"ಮತ್ತೆ ನೋವಿಲ್ಲ ಅಂದ್ರಲ್ಲಮ್ಮ?"

"ನೀನು ಸೊಸಿ ಮುಂದೆ ಕೇಳಿದಿ. ನೋವೈತೆ ಅಂದ್ರೆ ಅವಳು ಸರಿಯಾಗಿ ನೋಡ್ಕಳಲ್ಲ ಅಂದಂಗೆ ಆಗಲ್ವೇನು? ಓದಿದೋನಿಗೆ ಇಷ್ಟೂ ತಿಳಿಯಾದಿಲ್ವಾ?"

ಅಂದೇ ಒಂದು ಪ್ರಶ್ನೆ ಬರೆದುಕೊಂಡೆ: ಯಾರಾದರೂ ಎಲೆ-ಅಡಿಕೆ ಕೊಟ್ಟರೆ ಏನು ಮಾಡುತ್ತೀರಿ?

"ಮೂಲದಲ್ಲಿ ಇಲ್ಲದ್ದನ್ನ ಸೇರಿಸೋ ಹಾಗಿಲ್ಲ ಕಣ್ರಿ," ಎಂದರು ಡಾಕ್ಟರು. ಕೊನೆಗೆ ಅದನ್ನು ಬೇರೆ ಹಾಳೆಯಲ್ಲಿ ಕೇಳಲು ಒಪ್ಪಿದರು. ಜಗಳೂರಿನ ರೋಗಿಗಳನ್ನು ಕೇಳಿದೆ. ಒಬ್ಬರು ಜೇಬು ತೋರಿಸಿದರು, ಇನ್ನೊಬ್ಬರು ಮೊಮ್ಮಗಳ ಕೈಗೆ ದಾಟಿಸುವುದಾಗಿ ಹೇಳಿದರು. ನೋವಿನ ಮಾತು ಆಮೇಲೆ ತಾನಾಗಿಯೇ ಬಂತು.

ಈ ನಡುವೆ ಶಾರದಾಳನ್ನು ಎರಡನೇ ಸಲ ಕೇಳುವ ದಿನ ಮೀರಿತ್ತು. ಮನೆಯವಳು, ಯಾವಾಗ ಬೇಕಾದರೂ ಕೇಳಬಹುದೆಂದು ಮುಂದೂಡಿದ್ದೆ. ಜಗಳೂರಿನಿಂದ ಬಂದ ಮಧ್ಯಾಹ್ನ, ಉಮೇದಿನಲ್ಲಿ, ಹೊಸ ಪ್ರಶ್ನೆಯನ್ನು ಅವಳಿಗೂ ಓದಿದೆ. ಈ ಸಲ ತಮಾಷೆ ಮಾಡಲಿಲ್ಲ. ಒಳಗಿನಿಂದ ತನ್ನ ಎಲೆ-ಅಡಿಕೆ ಚಂಚಿ ತಂದು ಚಾಪೆಯ ಮೇಲೆ ಸುರಿದಳು. ಎಲ್ಲ ನಾನು ಮಡಿಸಿ ಕೊಟ್ಟ ಎಲೆಗಳೇ. ಒಣಗಿದ್ದವು.

"ಬಿಸಾಕಾಕೆ ಮನಸ್ಸು ಬರ್ಲಿಲ್ಲ ರೀ. ದಿನಾ ಇದನ್ನೇ ನೋಡಿ ಬರೋರಿಗೆ ಮನೇಲೂ ಹೆಂಗೆ ಹೇಳ್ಲಿ?"

ಬ್ಯಾಟರಿ ಬಿಟ್ಟು ನೋಡಿದೆ. ಕೆನ್ನೆಯ ಒಳಗೆ ಹುಣ್ಣಿತ್ತು. ಆಪರೇಷನ್ ಆಯಿತು, ವಿಕಿರಣದ ಕರೆಂಟು ಕೊಟ್ಟರು. ಮರುವರ್ಷ ತೀರಿಕೊಂಡಳು.

ಕೇಳುವವರಿಗೆ ನೋವಾಗಬಾರದೆಂದು ನಮ್ಮ ಜನ 'ಇಲ್ಲ' ಎನ್ನುತ್ತಾರೆ. ಬಾಯಿ ಹೇಳಿದ್ದನ್ನು ಬರೆದುಕೊಂಡು ಕೈ ಏನು ಮಾಡುತ್ತಿದೆ ಎಂದೂ ನೋಡಬೇಕು. ಕೆಲಸ ನನಗೆ ಕಲಿಸಿದ್ದು ಇದು.

ಅವಳು ಹೋದ ಮೇಲೆ, ಕಟ್ಟನ್ನು ಡಾಕ್ಟರಿಗೆ ಒಪ್ಪಿಸುವ ದಿನ, ಫಾರಂಗಳನ್ನು ಜೋಡಿಸಿದೆ. ಎಲ್ಲರದೂ ಎರಡೆರಡು ಇದ್ದವು. ಶಾರದಾಳದು, ಎಲ್ಲಕ್ಕೂ 'ಇಲ್ಲ' ಎಂದು ಬರೆದಿದ್ದ ಮೊದಲನೆಯದು ಮಾತ್ರ ಇತ್ತು. ಎರಡನೆಯದನ್ನು ನಾನು ತುಂಬಲೇ ಇಲ್ಲ.